ಸಿಗ್ನಲ್ ಇಲ್ಲದ ಸಿಮ್‌ಗೆ ಇನ್ನೆಷ್ಟು ದಿನ ದುಡ್ಡು ಕಟ್ಟುತ್ತೀರಿ?



ಬೆಳಗಿನ ಹಾಲು ಕರೆಯಲು ಕೊಟ್ಟಿಗೆಗೆ ಹೋದಾಗ ಹಸು ಬೆದೆಗೆ ಬಂದಿರುವುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಬೆಳಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು ಎಂಬುದು ನಿಮಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಕಾರ್ಯಕರ್ತರಿಗೆ ಫೋನ್ ಮಾಡಲು ಹೋದರೆ ಸಿಗ್ನಲ್ ಇಲ್ಲ. ಹಿತ್ತಲಿಗೆ ಹೋಗುತ್ತೀರಿ, ಇಲ್ಲ. ತಾರಸಿ ಹತ್ತುತ್ತೀರಿ, ಒಂದು ಗೆರೆ ಬಂದು ಹೋಗುತ್ತದೆ. ಅಷ್ಟರಲ್ಲಿ ಡೈರಿಗೆ ಹಾಲು ಹಾಕುವ ಹೊತ್ತಾಯಿತು. ಸಂಜೆ ನೆನಪಾಗಿ ಹೇಳಿ ಕಳಿಸುವಷ್ಟರಲ್ಲಿ ಅವರು ಬೇರೆ ಊರಿನಲ್ಲಿ. ಆ ಬೆದೆ ಹೋಯಿತು. ಇನ್ನು 21 ದಿನ ಕಾಯಬೇಕು.

ಇಂಥ ಮಾತು ಸಂಘದ ಸಭೆಗಳಲ್ಲಿ ಬಂದಾಗ ಹೆಚ್ಚಿನವರು ಹೇಳುವುದು ಒಂದೇ: "ಏನು ಮಾಡೋದು, ವರ್ಷಕ್ಕೆ ರೀಚಾರ್ಜ್ ಮಾಡಿಸಿಬಿಟ್ಟಿದೀವಿ. ನಂಬರ್ ಬೇರೆ ಬ್ಯಾಂಕಿಗೆ ಕೊಟ್ಟಿದೀವಿ. ಮುಗಿಯೋ ತನಕ ಸುಮ್ಮನಿರಬೇಕು." ಸುಮ್ಮನಿರಬೇಕಾಗಿಲ್ಲ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ನಮ್ಮ ದೇಶದಲ್ಲಿ 2011ರ ಜನವರಿಯಿಂದ ಎಲ್ಲರಿಗೂ ಇದೆ. ಅದನ್ನು ಯಾವಾಗ, ಹೇಗೆ ಬಳಸಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ತಿಳಿಸಿದ್ದೇವೆ.

ಮೊದಲು ತಪ್ಪು ಎಲ್ಲಿದೆ ನೋಡಿ

ಕೆಲವೊಮ್ಮೆ ದೋಷ ಫೋನಿನದೇ ಆಗಿರುತ್ತದೆ. ನಿಮ್ಮ ಸಿಮ್ಮನ್ನು ಮನೆಯ ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ಬಂದರೆ ರಿಪೇರಿ ಬೇಕಾಗಿರುವುದು ಫೋನಿಗೆ, ಕಂಪನಿ ಬದಲಿಸಿ ಪ್ರಯೋಜನವಿಲ್ಲ. ಅಲ್ಲೂ ಬಾರದಿದ್ದರೆ ಪಕ್ಕದ ಮನೆಯವರ ಬೇರೆ ಕಂಪನಿಯ ಸಿಮ್ಮನ್ನು ಒಂದು ದಿನ ಕೇಳಿ ಪಡೆದು ನಿಮ್ಮ ಫೋನಿನಲ್ಲಿ ಹಾಕಿ. ಮನೆಯೊಳಗೆ, ಕೊಟ್ಟಿಗೆಯಲ್ಲಿ, ಹುಲ್ಲು ಕೊಯ್ಯುವ ಹೊಲದಲ್ಲಿ, ಡೈರಿಯ ಹತ್ತಿರ, ಹೀಗೆ ನಾಲ್ಕೂ ಕಡೆ ಕರೆ ಮಾಡಿ ನೋಡಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ. ಕರೆಂಟ್ ಹೋದಾಗ ಟವರ್ ನಿಲ್ಲುವ ಊರುಗಳಿವೆ, ಅದನ್ನೂ ಗಮನಿಸಿ.

ಈ ಪರೀಕ್ಷೆ ಯಾಕೆ ಮುಖ್ಯವೆಂದರೆ, ಒಮ್ಮೆ ಕಂಪನಿ ಬದಲಿಸಿದ ಮೇಲೆ 90 ದಿನ ಕಳೆಯುವ ತನಕ ಮತ್ತೆ ಬದಲಿಸಲು ಆಗುವುದಿಲ್ಲ. ಅಂಗಡಿಯವರು ಹೇಳಿದರೆಂದು ಹೋದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾದೀತು.

ದೂರು ಕೊಡಿ, ನಂಬರ್ ಬರೆದಿಡಿ

ಬಿಟ್ಟು ಹೋಗುವ ಮುನ್ನ ಕಂಪನಿಗೆ ದೂರು ಕೊಡಿ. ದೂರಿಗೆ 198 ನಂಬರಿಗೆ ಕರೆ ಮಾಡಬೇಕು, ಇದು ಉಚಿತ. ಊರು, ತಾಲ್ಲೂಕು, ಯಾವ ದಿನದಿಂದ ಸಿಗ್ನಲ್ ಇಲ್ಲ ಎಂದು ಹೇಳಿ. ಕರೆ ಮುಗಿದ ಮೇಲೆ ದೂರಿನ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಅದನ್ನು ಹಾಲಿನ ಪಾಸ್ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖಿನ ಸಮೇತ ಬರೆದಿಡಿ. "ನೋಡ್ತೀವಿ ಮೇಡಂ" ಎಂದು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಮುಂದೆ ಬೆಲೆ ಇರುವುದಿಲ್ಲ, ಆ ಸಂಖ್ಯೆಗೆ ಇರುತ್ತದೆ.

ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಇದಕ್ಕೂ ಶುಲ್ಕವಿಲ್ಲ. ಅವರು 39 ದಿನದೊಳಗೆ ತೀರ್ಮಾನ ಕೊಡಬೇಕು. ಬಹಳ ಜನ ನೇರವಾಗಿ ಟ್ರಾಯ್‌ಗೆ ಬರೆಯುತ್ತಾರೆ. ಟ್ರಾಯ್ ನಿಯಮ ಮಾಡುವ ಸಂಸ್ಥೆ, ಒಬ್ಬೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ.

ಇನ್ನೊಂದು ವಿಷಯ. ಒಂದು ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಸೇವೆ ನಿಂತು 24 ಗಂಟೆಗಿಂತ ಹೆಚ್ಚಾದರೆ, ಪೋಸ್ಟ್‌ಪೇಯ್ಡ್‌ನವರಿಗೆ ಆ ದಿನಗಳ ಬಾಡಿಗೆ ಕಡಿಮೆ ಮಾಡಬೇಕು, ಪ್ರೀಪೇಯ್ಡ್‌ನವರಿಗೆ ಆ ದಿನಗಳನ್ನು ವ್ಯಾಲಿಡಿಟಿಗೆ ಸೇರಿಸಬೇಕು ಎಂದು 2024ರ ಟ್ರಾಯ್ ನಿಯಮ ಹೇಳುತ್ತದೆ. ಆದರೆ ನಿಮ್ಮ ಊರಿನ ಒಂದು ಟವರ್ ಮಾತ್ರ ಕೆಟ್ಟರೆ ಈ ನಿಯಮ ನೆರವಿಗೆ ಬರುವುದಿಲ್ಲ.

ಉಳಿದ ರೀಚಾರ್ಜ್ ದುಡ್ಡಿನ ಲೆಕ್ಕ

ಈಗ ಎಲ್ಲರನ್ನೂ ಹಿಡಿದಿಡುವ ಪ್ರಶ್ನೆಗೆ ಬರೋಣ. ಕಂಪನಿ ಬದಲಿಸಿದರೆ ಹಳೆಯ ಸಿಮ್‌ನಲ್ಲಿ ಉಳಿದ ಬ್ಯಾಲೆನ್ಸ್ ಮತ್ತು ದಿನಗಳು ಹೊಸ ಕಂಪನಿಗೆ ವರ್ಗವಾಗುವುದಿಲ್ಲ. ಅದು ಹೋಯಿತೆಂದೇ ಲೆಕ್ಕ. ಹಾಗಾದರೆ ಬದಲಿಸುವುದು ಲಾಭವೋ ನಷ್ಟವೋ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ವರ್ಷಕ್ಕೆ 3,600 ರೂಪಾಯಿ ಕಟ್ಟಿದ್ದೀರಿ, 8 ತಿಂಗಳು ಕಳೆದಿದೆ ಎಂದುಕೊಳ್ಳಿ. ಉಳಿದಿರುವುದು 4 ತಿಂಗಳು, ಅಂದರೆ 1,200 ರೂಪಾಯಿ. ಇನ್ನೊಂದು ಕಡೆ, ಕರೆ ಹೋಗದೆ ಒಂದು ಬೆದೆ ತಪ್ಪಿದರೆ 21 ದಿನ ತಡ. ಗಬ್ಬ ನಿಲ್ಲದ ಹಸುವಿಗೆ ಮೇವು, ಹಿಂಡಿ ಸೇರಿ ದಿನಕ್ಕೆ 150 ರೂಪಾಯಿ ಹಿಡಿದರೂ 3,150 ರೂಪಾಯಿ ಆಯಿತು. ಕರು ಹಾಕುವುದು ತಡವಾಗಿ ಮುಂದಿನ ಹಾಲು ಹಿಂದಕ್ಕೆ ಹೋಗುವ ನಷ್ಟ ಬೇರೆ. ಕರು ಹಾಕಿದ ಮೇಲೆ ಹಾಲುಜ್ವರ ಬಂದು ಹಸು ನೆಲ ಹಿಡಿದಾಗ ವೈದ್ಯರಿಗೆ ಕರೆ ಹೋಗದಿದ್ದರಂತೂ ಹೋಗುವುದು ಹಸುವೇ.

ರೀಚಾರ್ಜ್ ಮುಗಿಯಲು 15 ದಿನ ಇದ್ದರೆ ಕಾಯಬಹುದು. 6 ತಿಂಗಳು ಇದ್ದು ದಿನವೂ ತಾರಸಿ ಹತ್ತುವಂತಿದ್ದರೆ ಕಾಯುವುದೇ ದುಬಾರಿ. ಲೆಕ್ಕವನ್ನು ನಿಮ್ಮ ಕೊಟ್ಟಿಗೆಗೆ ತಕ್ಕಂತೆ ನೀವೇ ಹಾಕಿ. ಮುಂದಕ್ಕೆ ಒಂದು ಮಾತು: ಸಿಗ್ನಲ್ ಖಾತ್ರಿಯಾಗದ ಕಂಪನಿಗೆ ವರ್ಷದ ರೀಚಾರ್ಜ್ ಮಾಡಿಸಬೇಡಿ. ಮೊದಲು 28 ದಿನದ್ದು ಹಾಕಿಸಿ ನೋಡಿ.

ಪೋಸ್ಟ್‌ಪೇಯ್ಡ್ ಇದ್ದರೆ

ತಿಂಗಳ ಬಿಲ್ ಕಟ್ಟುವ ಸಂಪರ್ಕವಾದರೆ ಎರಡು ವಿಷಯ ನೋಡಿ. ಒಂದು, ಬಾಕಿ ಬಿಲ್ ಇದ್ದರೆ ಪೋರ್ಟ್ ಕೋರಿಕೆ ತಿರಸ್ಕಾರವಾಗುತ್ತದೆ. ಎರಡು, ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಇಂತಿಷ್ಟು ತಿಂಗಳು ಇರಲೇಬೇಕು, ಮೊದಲೇ ಬಿಟ್ಟರೆ ಇಂತಿಷ್ಟು ಕಟ್ಟಬೇಕು ಎಂಬ ಷರತ್ತು ಇದೆಯೇ ಎಂದು ಓದಿಸಿ. ಇದ್ದರೆ ಅದನ್ನು ಪೂರೈಸಿಯೇ ಹೊರಬರಬೇಕು. ಆದರೆ ಸೇವೆಯನ್ನೇ ಕೊಡದೆ ದಂಡ ಕೇಳುವುದು ಸರಿಯೇ ಎಂದು ಪ್ರಶ್ನಿಸಲು, ನೀವು ಬರೆದಿಟ್ಟ ದೂರಿನ ಸಂಖ್ಯೆಗಳು ಆಗ ಕೆಲಸಕ್ಕೆ ಬರುತ್ತವೆ. ಠೇವಣಿ ಕೊಟ್ಟಿದ್ದರೆ ವಾಪಸ್ ಕೇಳಲು ಮರೆಯಬೇಡಿ. ಪೋರ್ಟ್ ಆದ ಮೇಲೆ ಬರುವ ಕೊನೆಯ ಬಿಲ್ಲನ್ನೂ ಕಟ್ಟಿ, ಇಲ್ಲದಿದ್ದರೆ ನಂಬರ್ ನಿಂತುಹೋಗಬಹುದು.

ಕಂತಿನ ಮೇಲೆ ಫೋನ್ ಕೊಂಡಿದ್ದರೆ ಆ ಸಾಲ ಬೇರೆ, ಸಿಮ್ ಬೇರೆ. ಸಿಮ್ ಬದಲಿಸಿದರೂ ಕಂತು ಕಟ್ಟಲೇಬೇಕು. ಕೆಲವು ಫೋನುಗಳಲ್ಲಿ ಒಂದೇ ಕಂಪನಿಯ ಸಿಮ್ ನಡೆಯುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ಬದಲಿಸುವ ಕ್ರಮ

1. ನಿಮ್ಮ ಫೋನಿನಿಂದ 1900 ನಂಬರಿಗೆ ಎಸ್‌ಎಂಎಸ್ ಕಳಿಸಿ. ಪೋರ್ಟ್ ಎಂಬುದನ್ನು ಪಿ, ಓ, ಆರ್, ಟಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ನಿಮ್ಮ 10 ಅಂಕಿಯ ನಂಬರ್ ಹಾಕಿ. ನಿಮ್ಮ ಪ್ಲಾನ್‌ನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಒಂದು ಸಂದೇಶ ಹೋಗಲು ಬಿಡಬೇಕೆಂದು 2021ರಲ್ಲಿ ಟ್ರಾಯ್ ಆದೇಶಿಸಿದೆ.

2. 8 ಅಕ್ಷರದ ಯುಪಿಸಿ ಸಂಕೇತ ಬರುತ್ತದೆ. ಅದು 4 ದಿನ ಮಾತ್ರ ನಡೆಯುತ್ತದೆ.

3. ಆ ಸಂಕೇತ ಮತ್ತು ಆಧಾರ್ ಕಾರ್ಡ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ರಾಜ್ಯದೊಳಗೇ ಆದರೆ ಕೆಲಸದ 3 ದಿನಗಳಲ್ಲಿ ಬದಲಾವಣೆ ಮುಗಿಯಬೇಕು.

4. ಹಳೆಯ ಸಿಮ್ ನಿಲ್ಲುವ ತನಕ ಅದನ್ನೇ ಇಟ್ಟುಕೊಳ್ಳಿ. ಅದು ನಿಂತ ಮೇಲೆ ಹೊಸದನ್ನು ಹಾಕಿ. ನಡುವೆ ಕೆಲವು ಗಂಟೆ ಫೋನ್ ಇರುವುದಿಲ್ಲ, ಇದು ಸಾಮಾನ್ಯವಾಗಿ ರಾತ್ರಿ ಆಗುತ್ತದೆ. ಹಸುವಿಗೆ ದಿನ ತುಂಬಿದ್ದರೆ ಆ ವಾರ ಬೇಡ.

ಸಂಕೇತ ಕೇಳಿದ ಕೂಡಲೇ ಹಳೆಯ ಕಂಪನಿಯಿಂದ "ಅಕ್ಕಾ, ಕಡಿಮೆ ದರಕ್ಕೆ ಕೊಡ್ತೀವಿ, ಬಿಡಬೇಡಿ" ಎಂದು ಕರೆ ಬರಬಹುದು. ಕೊಟ್ಟಿಗೆಯಲ್ಲಿ ಸಿಗ್ನಲ್ ಬರುತ್ತದೆಯೇ ಎಂದಷ್ಟೇ ಕೇಳಿ. ದರ ಇಳಿದರೆ ಸಿಗ್ನಲ್ ಏರುವುದಿಲ್ಲ.

ಸಿಮ್ ಯಾರ ಹೆಸರಿನಲ್ಲಿದೆ?

ಈ ಕೆಲಸಕ್ಕೆ ಕೈ ಹಾಕಿದಾಗಲೇ ನಮ್ಮಲ್ಲಿ ಅನೇಕರಿಗೆ ತಿಳಿಯುವುದು, ಹತ್ತು ವರ್ಷದಿಂದ ಬಳಸುತ್ತಿರುವ ನಂಬರ್ ಮಗನ ಹೆಸರಿನಲ್ಲೋ, ಯಜಮಾನರ ಹೆಸರಿನಲ್ಲೋ ಇದೆ ಎಂದು. ಯಾರ ಹೆಸರಿನಲ್ಲಿದೆಯೋ ಅವರೇ ಬಂದು ಬೆರಳು ಕೊಡಬೇಕು. ಮಗ ಬೆಂಗಳೂರಿನಲ್ಲಿದ್ದರೆ ನಿಮ್ಮ ಕೆಲಸ ನಿಂತಿತು. ಯಜಮಾನರು ತೀರಿಕೊಂಡಿದ್ದರೆ ಇನ್ನೂ ಕಷ್ಟ. ಆದ್ದರಿಂದ ಮೊದಲು ಹಳೆಯ ಕಂಪನಿಯಲ್ಲೇ ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆ ಅರ್ಜಿ ಬಾಕಿ ಇರುವಾಗ ಪೋರ್ಟ್ ಆಗುವುದಿಲ್ಲ, ಮುಗಿದ ಮೇಲೆ ಮುಂದುವರಿಯಿರಿ.

ಹಸು ನಿಮ್ಮದು, ಸಂಘದ ಸದಸ್ಯತ್ವ ನಿಮ್ಮದು, ಬ್ಯಾಂಕ್ ಖಾತೆ ನಿಮ್ಮದು. ಬಟವಾಡೆ ಮತ್ತು ಪ್ರೋತ್ಸಾಹಧನ ಜಮೆಯಾದ ಸಂದೇಶ ಬರುವ ನಂಬರೂ ನಿಮ್ಮ ಹೆಸರಿನಲ್ಲೇ ಇರಲಿ.

ಪೋರ್ಟ್ ಮಾಡಿದರೆ ನಂಬರ್ ಅದೇ ಇರುವುದರಿಂದ ಬ್ಯಾಂಕ್, ಆಧಾರ್, ಸಂಘದ ದಾಖಲೆ ಯಾವುದನ್ನೂ ಬದಲಿಸಬೇಕಿಲ್ಲ. ಹಣ ಕಳಿಸುವ ಆ್ಯಪ್‌ಗಳು ಮಾತ್ರ ಹೊಸ ಸಿಮ್ ಎಂದು ಮತ್ತೊಮ್ಮೆ ದೃಢೀಕರಣ ಕೇಳಬಹುದು. ಹಾಗಾಗಿ ಬಟವಾಡೆಯ ಆಸುಪಾಸಿನ ದಿನಗಳನ್ನು ಬಿಟ್ಟು ಮಾಡಿಸಿ.

ಎಚ್ಚರ: ಯುಪಿಸಿ ಸಂಕೇತವನ್ನು ಅಂಗಡಿಯಲ್ಲಿ ನೀವಾಗಿ ಕೊಡುವುದು ಬಿಟ್ಟರೆ ಫೋನಿನಲ್ಲಿ ಕೇಳಿದ ಯಾರಿಗೂ ಹೇಳಬೇಡಿ. ನಿಮ್ಮ ನಂಬರ್ ಬೇರೆಯವರ ಕೈಗೆ ಹೋದರೆ ಬ್ಯಾಂಕಿನ ಒಟಿಪಿಯೂ ಅವರಿಗೇ ಹೋಗುತ್ತದೆ. ನೀವು ಕೇಳದೆಯೇ ಸಂಕೇತ ಬಂದರೆ ಕೂಡಲೇ ಕಂಪನಿಗೂ ಬ್ಯಾಂಕಿಗೂ ತಿಳಿಸಿ.

ದುಡ್ಡು ವಾಪಸ್ ಬೇಕೆಂದರೆ

ಸೇವೆ ಕೊಡದೆ ದುಡ್ಡು ಇಟ್ಟುಕೊಂಡಿದ್ದಾರೆ ಎಂಬ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮೊಬೈಲ್ ಸೇವೆಯ ದೂರನ್ನು ಗ್ರಾಹಕ ಆಯೋಗಗಳು ವಿಚಾರಣೆ ಮಾಡಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ವಕೀಲರು ಇರಲೇಬೇಕೆಂದಿಲ್ಲ, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಆದರೆ ಓಡಾಟ ಇದ್ದೇ ಇದೆ. ಒಬ್ಬರ ಸಾವಿರ ರೂಪಾಯಿಗಾಗಿ ಹೋಗಬೇಕೇ ಎಂದು ಯೋಚಿಸಿ. ಊರಿನ ಮೂವತ್ತು ಮನೆಗೂ ಅದೇ ತೊಂದರೆ ಇದ್ದರೆ ಮಾತು ಬೇರೆ.

ಆದ್ದರಿಂದ ಮುಂದಿನ ಸಂಘದ ಸಭೆಯಲ್ಲಿ ಒಂದು ಕೆಲಸ ಮಾಡಿ. ಯಾರ ಕೊಟ್ಟಿಗೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಎಂದು ಒಂದು ಪಟ್ಟಿ ಮಾಡಿ ಡೈರಿಯ ಗೋಡೆಗೆ ಅಂಟಿಸಿ. ಎಲ್ಲರ ದೂರಿನ ಸಂಖ್ಯೆ ಸೇರಿಸಿ ಸಂಘದಿಂದಲೇ ಕಂಪನಿಗೆ ಒಂದು ಪತ್ರ ಬರೆಯಿಸಿ. ಅದಾಗುವ ತನಕ, ಪಶುವೈದ್ಯರ ತುರ್ತು ವಾಹನದ 1962, ಕೃತಕ ಗರ್ಭಧಾರಣೆ ಕಾರ್ಯಕರ್ತರ ನಂಬರ್, ಮತ್ತು ರಾತ್ರಿ ಹೊತ್ತು ಸಿಗ್ನಲ್ ಇರುವ ಪಕ್ಕದ ಮನೆ ಯಾವುದು ಎಂಬ ಮೂರನ್ನೂ ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.