ಹಲವರ ಕೈಯ ಯಂತ್ರ

ಬಡಿಗನು ಉಳಿ-ಕೊಡತಿಗಳಿಂದ ದಿನಗಟ್ಟಲೆ ಕೆತ್ತುತ್ತಿದ್ದ ಬಾಗಿಲನ್ನು ಇಂದು ಗಣಕದ ಆಜ್ಞೆಯಂತೆ ನಡೆಯುವ ಸಿ.ಎನ್.ಸಿ. ರೂಟರ್ ಯಂತ್ರವು ಕೆಲವು ತಾಸುಗಳಲ್ಲಿ ಕೆತ್ತಿಕೊಡಬಲ್ಲುದು. ಅಂಕಿಗಳಿಂದ ಯಂತ್ರವನ್ನು ನಡೆಸುವ ಈ ವಿದ್ಯೆಯನ್ನು 1952ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯವರು, ತೂತು ಕೊರೆದ ಕಾಗದದ ಪಟ್ಟಿಯ ಸಹಾಯದಿಂದ ಲೋಕಕ್ಕೆ ತೋರಿಸಿದರು. ಯಂತ್ರದ ಬೆಲೆಯು ಒಬ್ಬರಿಗೆ ಭಾರವಾದುದರಿಂದ ಕೆಲವರು ಕೂಡಿ ಕೊಳ್ಳುವುದುಂಟು.

ಆಳಂದ ತಾಲೂಕಿನ ಮಟಕಿಯ ಗೃಹಸ್ಥರೊಬ್ಬರು ದೇವರಮನೆಯ ಬಾಗಿಲಿಗೆಂದು ಸಾಗುವಾನಿ ಹಲಗೆಯನ್ನು ಇಂತಹ ಪಾಲಿನ ಕಾರ್ಖಾನೆಗೆ ಒಯ್ದರೆಂದು ಭಾವಿಸೋಣ. ದುಂಡಗಿರಬೇಕಾದ ಕಮಲವು ಸೊಟ್ಟಗಾಯಿತು, ಹಲಗೆಯು ಕೆಟ್ಟಿತು. ಆಗ ಮೊದಲು ಏಳುವ ಮಾತು "ನಿನ್ನೆ ಇದನ್ನು ಮುಟ್ಟಿದವರಾರು?" ಎಂಬುದೇ. ಈ ಪ್ರಶ್ನೆಯಿಂದ ಯಂತ್ರವು ನೆಟ್ಟಗಾಗದು. ಪಾಲುದಾರರ ಸ್ನೇಹವು ಮಾತ್ರ ಮುರಿದೀತು.

ಕೇಳತಕ್ಕ ಪ್ರಶ್ನೆಯು ಬೇರೆ: ಸಡಿಲು ಎಲ್ಲಿದೆ? ಹಗ್ಗವು ಸಡಿಲಾಗಿದ್ದರೆ ಎತ್ತು ಹೆಜ್ಜೆಯಿಟ್ಟರೂ ಅದು ಬಿಗಿಯಾಗುವವರೆಗೆ ಬಂಡಿಯು ಕದಲದು. ಹಾಗೆಯೇ ತಿರುಪಿನ ದಂಡದ ನಟ್ಟು ಸವೆದಿದ್ದರೆ, ದಿಕ್ಕು ಬದಲಾಗುವಾಗ ಮೋಟಾರು ತಿರುಗಿದರೂ ಕೊರೆಯುವ ಬಿಟ್ ಆ ದಿಕ್ಕಿನಲ್ಲಿ ಕ್ಷಣಕಾಲ ಕದಲದು; ವೃತ್ತದ ಅಂಚು ಅಲ್ಲಿ ಚಪ್ಪಟೆಯಾಗುವುದು.

ಪರೀಕ್ಷೆಗೆ ಮೊದಲು ವಿದ್ಯುತ್ತನ್ನು ಕಡಿಯತಕ್ಕದ್ದು. ಹಳಿಗಳ ಮೇಲಿನ ಮರದ ಪುಡಿಯನ್ನು ತೆಗೆದು, ಬಿಟ್ ಹಿಡಿದಿರುವ ಸ್ಪಿಂಡಲನ್ನು ಎಡಬಲಕ್ಕೂ ಹಿಂದುಮುಂದಕ್ಕೂ ಕೈಯಿಂದ ಅಲುಗಿಸಿ ನೋಡಬೇಕು. ಬಳಿಕ ಮೋಟಾರಿನ ದಂಡದಿಂದ ಕಪ್ಲಿಂಗಿನ ಮೇಲೆ ಹಾಯ್ದು ತಿರುಪಿನ ದಂಡದವರೆಗೆ ಒಂದೇ ಗೆರೆಯನ್ನೆಳೆದು, ಕೈ ದೂರವಿಟ್ಟು ಯಂತ್ರವನ್ನು ಓಡಿಸಿ, ನಿಲ್ಲಿಸಿ, ಮತ್ತೆ ವಿದ್ಯುತ್ತನ್ನು ಕಡಿದು ನೋಡಬೇಕು. ಗೆರೆಯು ಮುರಿದಿದ್ದರೆ ಕಪ್ಲಿಂಗಿನ ಸಣ್ಣ ತಿರುಪು ಸಡಿಲಾಗಿದೆ; ಅದನ್ನು ಬಿಗಿಯಬೇಕು. ಗೆರೆಯು ಕೂಡಿಯೇ ಇದ್ದು ಅಲುಗಾಟವು ಉಳಿದರೆ ನಟ್ಟನ್ನೋ ಬೇರಿಂಗನ್ನೋ ಬದಲಿಸಬೇಕಾದೀತು. ಕೊನೆಗೆ ಹಳೆಯ ಹಲಗೆಯೊಂದರ ಮೇಲೆ 300 ಮಿಲಿಮೀಟರಿನ ಚೌಕವನ್ನೂ ಒಂದು ವೃತ್ತವನ್ನೂ ಕೆತ್ತಿಸಬೇಕು. ಚೌಕದ ಎರಡು ಕರ್ಣಗಳೂ 424 ಮಿಲಿಮೀಟರಿನಷ್ಟು ಸಮನಾಗಿ ಬರಬೇಕು.

ತಿರುಪನ್ನು ಬಿಗಿಯದೆ ಗಣಕದ ಅಂಕಿಗಳನ್ನು ತಿದ್ದಿ ದೋಷವನ್ನು ಮುಚ್ಚುವವರೂ ಉಂಟು. ಇದು ಸೋರುವ ಮಾಳಿಗೆಯ ಕೆಳಗೆ ಪಾತ್ರೆಯನ್ನಿಟ್ಟಂತೆ.

ಯಂತ್ರದ ಬಳಿ ಒಂದು ಪುಸ್ತಕವಿರಲಿ. ಕಂಡ ಅಲುಗಾಟವನ್ನೂ ಮಾಡಿದ ರಿಪೇರಿಯನ್ನೂ ಪ್ರತಿಯೊಬ್ಬರು ದಿನಾಂಕದೊಡನೆ ಬರೆಯಲಿ. ಅದು ತಪ್ಪಿತಸ್ಥನನ್ನು ಹಿಡಿಯುವುದಕ್ಕಲ್ಲ, ಮುಂದೆ ಬರುವವನ ಹಲಗೆಯನ್ನು ಉಳಿಸುವುದಕ್ಕೆ. ಹಲವರು ಕೂಡಿ ಬಾಳುವ ಮನೆಗಳಲ್ಲಿಯೂ ದೂರುವ ಮೊದಲು ಸಡಿಲನ್ನು ಹುಡುಕುವ ಈ ಕ್ರಮವು ಉಪಯುಕ್ತವೆಂದು ನಾವು ನಂಬುತ್ತೇವೆ.