ಕರಾವಳಿಯ ಸೆಕೆಯೂ ಕಡಲ ಗಾಳಿಯೂ

ಮೇ ತಿಂಗಳ ಒಂದು ಸಂಜೆ ವಾರ್ತೆಯ ಕೊನೆಗೆ ನೀವು ಹವೆಯ ವರ್ತಮಾನ ಕೇಳುತ್ತಿದ್ದೀರಿ ಎನ್ನೋಣ. ಕಲಬುರಗಿಯಲ್ಲಿ 41 ಡಿಗ್ರಿ, ಮಂಗಳೂರಿನಲ್ಲಿ 33. ಕಲಬುರಗಿಯ ಮನೆಯಲ್ಲಿ ಯಾರಾದರೂ "ಕರಾವಳಿಯವರು ಪುಣ್ಯವಂತರು ನೋಡ್ರಿ" ಎಂದು ನಿಟ್ಟುಸಿರು ಬಿಟ್ಟಾರು. ಅದೇ ಹೊತ್ತಿಗೆ ಮಂಗಳೂರಿನ ಮನೆಯ ಜಗಲಿಯಲ್ಲಿ ಕುಳಿತವರು ಬೈರಾಸಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ "ಎಂಥ ಸೆಕೆ ಮಾರಾಯ್ರೆ, ಗಾಳಿ ಬೀಸಿದರೂ ಇಲ್ಲ, ಬೀಸದಿದ್ದರೂ ಇಲ್ಲ" ಎನ್ನುತ್ತಿರುತ್ತಾರೆ. ಇಬ್ಬರಲ್ಲಿ ಯಾರ ಮಾತು ನಿಜ? ಉಷ್ಣಮಾಪಕವನ್ನು ಮಾತ್ರ ನಂಬಿದರೆ ಮೊದಲನೆಯವರದು. ಮೈಯನ್ನು ಕೇಳಿದರೆ ಎರಡನೆಯವರದು.

ಕನ್ನಡದ ಮಾತೇ ಇಲ್ಲಿ ನಮಗೆ ಅರ್ಧ ಪಾಠ ಹೇಳುತ್ತದೆ. ಬಯಲುಸೀಮೆಯವರು ಬಿಸಿಲಿನ ಝಳ ಎನ್ನುತ್ತಾರೆ; ಅದು ಹೊರಗಿನಿಂದ ಬಂದು ಮೈಗೆ ತಾಗುವಂಥದು. ಕರಾವಳಿಯವರು ಸೆಕೆ ಎನ್ನುತ್ತಾರೆ. ಅದು ಮೈಯೊಳಗಿನ ಕಾವು ಹೊರಗೆ ಹೋಗಲು ದಾರಿ ಕಾಣದೆ ನಿಂತ ಸ್ಥಿತಿ. ನೆರಳಿಗೆ ಹೋದರೆ ಝಳ ತಪ್ಪೀತು, ಸೆಕೆ ತಪ್ಪದು. ಈ ಎರಡು ಪದಗಳ ನಡುವಿನ ವ್ಯತ್ಯಾಸವನ್ನೇ ವಿಜ್ಞಾನಿಗಳು ಅಂಕಿಗಳಲ್ಲಿ ಹೇಳುತ್ತಾರೆ.

ಆ ಅಂಕಿಗಳನ್ನು ನಾವೂ ಸ್ವಲ್ಪ ನೋಡೋಣ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಸದಾ ಇರುತ್ತದೆ. ಹವೆ ಬಿಸಿಯಾದಷ್ಟೂ ಅದರಲ್ಲಿ ಹೆಚ್ಚು ಆವಿ ಇರಬಲ್ಲದು. 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 36 ಗ್ರಾಂ ಆವಿಯನ್ನು ಹಿಡಿದೀತು. 41 ಡಿಗ್ರಿಯಲ್ಲಿ 54 ಗ್ರಾಂ. ಮಂಗಳೂರಿನಲ್ಲಿ ತೇವಾಂಶ ಶೇಕಡಾ 70 ಎಂದರೆ, ಹಿಡಿಯಬಹುದಾದ 36ರಲ್ಲಿ 25 ಗ್ರಾಂ ಆಗಲೇ ತುಂಬಿದೆ ಎಂದರ್ಥ. ಕಲಬುರಗಿಯಲ್ಲಿ ತೇವಾಂಶ ಶೇಕಡಾ 20 ಇದ್ದರೆ, ಅಲ್ಲಿನ ಗಾಳಿಯಲ್ಲಿರುವುದು 11 ಗ್ರಾಂ ಮಾತ್ರ. ನಿಮ್ಮ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ ಇದೆಯೆನ್ನಿ. ಮಂಗಳೂರಿನಲ್ಲಾದರೆ ಆ ಕೋಣೆಯ ಗಾಳಿಯಲ್ಲಿ ಮುಕ್ಕಾಲು ಲೀಟರಿಗೆ ಸಮೀಪದ ನೀರು ತೇಲುತ್ತಿರುತ್ತದೆ. ಕಲಬುರಗಿಯ ಕೋಣೆಯಲ್ಲಿ ಒಂದು ದೊಡ್ಡ ಲೋಟದಷ್ಟು. ಕರಾವಳಿಯಲ್ಲಿ ಉಪ್ಪು ಒದ್ದೆಯಾಗುವುದೂ, ಹಪ್ಪಳ ಮೆತ್ತಗಾಗುವುದೂ ಇದರಿಂದಲೇ.

ಇನ್ನು ಬೆವರಿನ ವಿಷಯ. ಬೆವರು ಸುರಿದರೆ ಮೈ ತಣ್ಣಗಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಬೆವರು ಸುರಿದರೆ ಬಟ್ಟೆ ಒದ್ದೆಯಾಗುತ್ತದೆ, ಅಷ್ಟೆ. ಅದು ಆರಿದರೆ ಮಾತ್ರ ಮೈಗೆ ತಂಪು. ಒಂದು ಲೀಟರ್ ಬೆವರು ಪೂರ್ತಿ ಆವಿಯಾಗುವಾಗ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಅದೇ ಬೆವರು ಹನಿಯಾಗಿ ನೆಲಕ್ಕೆ ಬಿದ್ದರೆ ಹೆಚ್ಚುಕಡಿಮೆ ಏನನ್ನೂ ಒಯ್ಯುವುದಿಲ್ಲ. ಚರ್ಮ ಸುಮಾರು 35 ಡಿಗ್ರಿಯಲ್ಲಿರುತ್ತದೆ. ಒದ್ದೆ ಚರ್ಮಕ್ಕೆ ಅಂಟಿಕೊಂಡ ತೆಳು ಪದರದ ಗಾಳಿಯಲ್ಲಿ ಘನ ಮೀಟರಿಗೆ 40 ಗ್ರಾಂ ಲೆಕ್ಕದಲ್ಲಿ ಆವಿ ಇರುತ್ತದೆ. ಆವಿ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಕಲಬುರಗಿಯಲ್ಲಿ 40ಕ್ಕೂ 11ಕ್ಕೂ ನಡುವಿನ ಅಂತರ 29. ಮಂಗಳೂರಿನಲ್ಲಿ 40ಕ್ಕೂ 25ಕ್ಕೂ ನಡುವೆ 15. ಎಂದರೆ ಗಾಳಿಯ ವೇಗ ಒಂದೇ ಆಗಿದ್ದರೆ ಕರಾವಳಿಯಲ್ಲಿ ಬೆವರು ಆರುವ ವೇಗ ಅರ್ಧದಷ್ಟೆ.

"ಗಾಳಿಯೇನೋ ಜೋರಾಗಿ ಬೀಸುತ್ತದೆ, ಆದರೂ ಮೈ ಅಂಟಂಟು" ಎಂಬ ದೂರಿಗೂ ಇಲ್ಲಿ ಉತ್ತರವಿದೆ. ಗಾಳಿ ಮಾಡುವ ಕೆಲಸ, ಚರ್ಮಕ್ಕೆ ಅಂಟಿದ ಆ ತೇವದ ಪದರವನ್ನು ತಳ್ಳಿ ಹೊಸ ಗಾಳಿಯನ್ನು ತಂದಿಡುವುದು. ಆದರೆ ಕಡಲಿನಿಂದ ಬರುವ ಹೊಸ ಗಾಳಿಯೂ 25 ಗ್ರಾಂ ಹೊತ್ತೇ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ದಡದಾಚೆಯ ಅರಬ್ಬೀ ಸಮುದ್ರದ ಮೇಲ್ಮೈ 30 ಡಿಗ್ರಿಯನ್ನು ಮುಟ್ಟುತ್ತದೆ, ದಾಟುವುದೂ ಉಂಟು. ಅಂಥ ನೀರಿನ ಮೇಲೆ ನೂರಾರು ಮೈಲಿ ಹಾದುಬಂದ ಗಾಳಿ ಒಣಗಿರುವುದೆಂತು? ಹಾಗೆಂದು ಅದನ್ನು ಹಳಿಯಬೇಡಿ. ಅರ್ಧಕ್ಕಿಳಿದ ಆರುವಿಕೆಯನ್ನು ಮೇಲೆತ್ತಿ ಹಿಡಿದಿರುವುದು ಆ ಗಾಳಿಯೇ. ಅದು ನಿಂತಿತೋ, ಆಗ ಸೆಕೆಯ ನಿಜರೂಪ ಕಾಣುತ್ತದೆ.

ಈ ಗಾಳಿ ಹುಟ್ಟುವ ಬಗೆ ಶಾಲೆಯಲ್ಲಿ ಓದಿದವರಿಗೆ ಗೊತ್ತು: ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ, ನೆಲದ ಮೇಲಿನ ಗಾಳಿ ಹಗುರವಾಗಿ ಏರಿದಂತೆ ಕಡಲ ಮೇಲಿನ ಗಾಳಿ ಒಳನುಗ್ಗುತ್ತದೆ. ಪುಸ್ತಕ ಹೇಳದ ಕೆಲವು ಸಂಗತಿಗಳನ್ನು ನೀವೇ ನೋಡಿ ತಿಳಿಯಬಹುದು. ಮಾಳಿಗೆಯ ಮೇಲೆ ಒಂದು ಕೋಲಿಗೆ ಬಟ್ಟೆಯ ಚೂರು ಕಟ್ಟಿ. ಬೆಳಗ್ಗೆ ಒಂಬತ್ತರವರೆಗೆ ಅದು ಜೋತು ಬಿದ್ದಿರುತ್ತದೆ, ಇಲ್ಲವೆ ಘಟ್ಟದ ಕಡೆಯ ಗಾಳಿಗೆ ಅಲ್ಲಾಡುತ್ತದೆ. ಹತ್ತು ಹನ್ನೊಂದರ ಸುಮಾರಿಗೆ ಪಡುವಣ ಗಾಳಿ ಬರುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಅದರ ಬಲ ಹೆಚ್ಚು. ಸಂಜೆಯಾಗುತ್ತ ಬಟ್ಟೆಯ ದಿಕ್ಕು ಮೆಲ್ಲನೆ ತಿರುಗಿ, ಗಾಳಿ ವಾಯವ್ಯದಿಂದ ಬರತೊಡಗುತ್ತದೆ. ಭೂಮಿ ತನ್ನ ಸುತ್ತ ತಿರುಗುವುದರಿಂದ ನಮ್ಮ ಉತ್ತರಾರ್ಧ ಗೋಲದಲ್ಲಿ ಬೀಸುವ ಗಾಳಿ ಬಲಕ್ಕೆ ವಾಲುತ್ತದೆ. ಅದರ ಗುರುತು ನಿಮ್ಮ ಮಾಳಿಗೆಯ ಬಟ್ಟೆಯ ಚೂರಿನಲ್ಲಿ! ಮೇ ತಿಂಗಳಲ್ಲಿ ಇದಕ್ಕೆ ಇನ್ನೊಂದು ಒತ್ತಾಸೆಯೂ ಇದೆ. ವಾಯವ್ಯ ಭಾರತ, ಪಾಕಿಸ್ತಾನಗಳ ನೆಲ ಕಾದು ಅಲ್ಲಿ ವಾಯುಭಾರ ಇಳಿದಿರುತ್ತದೆ. ಆ ದೊಡ್ಡ ಸೆಳೆತವೂ ದಿನನಿತ್ಯದ ಕಡಲ ಗಾಳಿಯೂ ಕೂಡಿದಾಗ ಕಿಟಕಿಯ ಬಾಗಿಲು ಬಡಿಯುವಷ್ಟು ಗಾಳಿ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಬೆಳಗಿನ ಜಾವದ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದು ಇದೇ ಲೆಕ್ಕಾಚಾರದಿಂದ.

ವಿಚಿತ್ರವೆಂದರೆ, ಕರಾವಳಿಯಲ್ಲಿ ಉಷ್ಣಮಾಪಕ 37, 38 ಡಿಗ್ರಿಗೆ ಜಿಗಿಯುವ ದಿನಗಳು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಅಲ್ಲ, ಫೆಬ್ರುವರಿ ಮಾರ್ಚ್‌ಗಳಲ್ಲಿ ಬರುತ್ತವೆ. ಆಗ ಮೂಡಣ ಗಾಳಿಗೆ ಇನ್ನೂ ಬಲವಿರುತ್ತದೆ. ಗಾಳಿ ನೂರು ಮೀಟರ್ ಕೆಳಗಿಳಿದರೆ ಒತ್ತಡ ಹೆಚ್ಚಿ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತದೆ. ಘಟ್ಟದ ಮೇಲೆ 900 ಮೀಟರ್ ಎತ್ತರದಲ್ಲಿ 29 ಡಿಗ್ರಿ ಇದ್ದ ಗಾಳಿ ಕರಾವಳಿಗೆ ಇಳಿಯುವ ಹೊತ್ತಿಗೆ 38 ಆಗುತ್ತದೆ. ಅದು ಎದುರು ನಿಂತು ಕಡಲ ಗಾಳಿಯನ್ನು ಮಧ್ಯಾಹ್ನದವರೆಗೂ ದಡದಾಚೆಯೇ ತಡೆದರೆ ಆ ದಿನ ಬೆಂಕಿ. ಆದರೆ ಅದು ಒಣ ಬಿಸಿ, ಝಳದ ಜಾತಿಯದು.

ಭಾರತ ಹವಾಮಾನ ಇಲಾಖೆ ಕರಾವಳಿಯಲ್ಲಿ ಉಷ್ಣ ಅಲೆ ಎಂದು ಸಾರಬೇಕಾದರೆ ಗರಿಷ್ಠ ಉಷ್ಣಮಾನ 37 ಡಿಗ್ರಿಯಾದರೂ ಇರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 33 ಡಿಗ್ರಿಯ ಸೆಕೆಗೆ ಆ ಹೆಸರು ಸಿಗುವುದಿಲ್ಲ. "ಬಿಸಿ ಮತ್ತು ಆರ್ದ್ರ ಹವೆ" ಎಂಬ ಬೇರೆ ಸೂಚನೆ ಬರುತ್ತದೆ. ಕೇಳುವವರು ಅದನ್ನು ಸಣ್ಣ ಮಾತೆಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಸ್ಟೆಡ್‌ಮನ್ ಎಂಬ ವಿಜ್ಞಾನಿ 1979ರಲ್ಲಿ ಪ್ರಕಟಿಸಿದ ಕೆಲಸದಿಂದ ಬೆಳೆದು ಅಮೆರಿಕದಲ್ಲಿ ಬಳಕೆಯಲ್ಲಿರುವ ಕೋಷ್ಟಕದಂತೆ, 32 ಡಿಗ್ರಿ ಉಷ್ಣವೂ ಶೇಕಡಾ 70 ತೇವವೂ ಕೂಡಿದರೆ ನೆರಳಿನಲ್ಲಿದ್ದರೂ ಮೈಗೆ ಸುಮಾರು 41 ಡಿಗ್ರಿಯಂತೆ ತೋರುತ್ತದೆ. ಕಲಬುರಗಿಯವರೊಡನೆ ಲೆಕ್ಕ ಚುಕ್ತಾ!

ಇದಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆಯನ್ನು ನೀವು ಮನೆಯಲ್ಲೇ ಮಾಡಬಹುದು. ಒಂದೇ ತರಹದ ಎರಡು ಉಷ್ಣಮಾಪಕಗಳನ್ನು ನೆರಳಿನಲ್ಲಿ ತೂಗಹಾಕಿ. ಒಂದರ ಬಲ್ಬಿಗೆ ತೆಳು ಮಲ್ಲು ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನ ಸೀಸೆಯಲ್ಲಿ ಬಿಡಿ. ಬೀಸಣಿಗೆಯಿಂದ ಎರಡಕ್ಕೂ ನಾಲ್ಕೈದು ನಿಮಿಷ ಚೆನ್ನಾಗಿ ಗಾಳಿ ಹಾಕಿ ಓದಿಕೊಳ್ಳಿ. ಒದ್ದೆ ಬಲ್ಬು ನಿಮ್ಮ ಬೆವರಿದ ಮೈಯ ಪ್ರತಿನಿಧಿ. ಒಣಗಿದ್ದು 33, ಒದ್ದೆಯದು 28 ತೋರಿಸಿದರೆ ತೇವಾಂಶ ಶೇಕಡಾ 68ರ ಸುಮಾರು. 38 ಮತ್ತು 22 ತೋರಿಸಿದರೆ ತೇವ ಕಾಲುಭಾಗವೂ ಇಲ್ಲ. ಒಣ ಬಲ್ಬಿನ ಅಂಕಿಯನ್ನು ಎಲ್ಲರೂ ನೋಡುತ್ತಾರೆ. ಪ್ರಾಣಕ್ಕೆ ಸಂಬಂಧಿಸಿದ್ದು ಒದ್ದೆ ಬಲ್ಬಿನ ಅಂಕಿ. ಅದು 35 ಡಿಗ್ರಿ ಮುಟ್ಟಿದರೆ ಬೆವರು ಆರುವುದರಿಂದ ಮೈಗೆ ತಂಪು ಸಿಗದು, ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರ ಎಂದು 2010ರಲ್ಲಿ ಶೆರ್ವುಡ್ ಮತ್ತು ಹ್ಯೂಬರ್ ವಾದಿಸಿದರು. 2022ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯದ ಪ್ರಯೋಗಗಳು, ತೇವದ ಹವೆಯಲ್ಲಿ ಎಳೆಯ ವಯಸ್ಸಿನ ಗಟ್ಟಿಮುಟ್ಟಾದವರ ಮೈಯೂ 31ರ ಆಸುಪಾಸಿನಲ್ಲೇ ಸಮತೋಲ ಕಳೆದುಕೊಳ್ಳುತ್ತದೆಂದು ತೋರಿಸಿದವು. ನಮ್ಮ ಕರಾವಳಿಯ ಸಾಮಾನ್ಯ ಸೆಕೆಯ ದಿನಕ್ಕೂ ಆ ಗಡಿಗೂ ನಡುವೆ ಇರುವುದು ಮೂರೇ ಡಿಗ್ರಿ.

ಆದ್ದರಿಂದ, ಬಂದರಿನಲ್ಲಿ ಮೂಟೆ ಹೊರುವವರು, ಕಟ್ಟಡದ ಕೆಲಸದವರು, ಹೆಂಚಿನ ಮಾಡಿನ ಕೆಳಗೆ ಗಾಳಿಯಾಡದ ಮೂಲೆಯಲ್ಲಿ ಬೀಡಿ ಕಟ್ಟುವವರು, ಮದುವೆಮನೆಯಲ್ಲಿ ಒಲೆಯ ಮುಂದೆ ನಿಂತ ಅಡಿಗೆಯವರು, ಇವರಿಗೆಲ್ಲ 33 ಡಿಗ್ರಿ ಎಂಬುದು ಹಿತವಾದ ಅಂಕಿಯಲ್ಲ. ಕಷ್ಟದ ಕೆಲಸದಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹೋಗಬಹುದು. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಉಪ್ಪು ಬೆರೆಸಿದ ಪುನರ್ಪುಳಿ ಶರಬತ್ತು ಬರಿಯ ನೀರಿಗಿಂತ ಮೇಲು. ಫ್ಯಾನಿನ ವಿಷಯದಲ್ಲಿ ಕರಾವಳಿಯವರು ಅದೃಷ್ಟವಂತರು: 40 ದಾಟಿದ ಒಣಹವೆಯಲ್ಲಿ ಫ್ಯಾನು ಮೈಗೆ ಕಾವನ್ನೇ ತುಂಬಬಹುದು, 33ರ ಸೆಕೆಯಲ್ಲಿ ಅದು ನಿಜವಾಗಿ ಕಾಪಾಡುತ್ತದೆ. ಕೆಲಸದಲ್ಲಿದ್ದವರು ತೊದಲಿದರೆ, ಅಸಂಬದ್ಧವಾಗಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ಬೆವರು ಇನ್ನೂ ಸುರಿಯುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ. ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ರಾತ್ರಿಯೂ ಬಿಡುವಿಲ್ಲವೇಕೆ? 25 ಗ್ರಾಂ ಆವಿಯುಳ್ಳ ಗಾಳಿ 27 ಡಿಗ್ರಿಯ ಹತ್ತಿರಕ್ಕೆ ಇಳಿದೊಡನೆ ಆವಿ ನೀರಾಗತೊಡಗಿ ಅಡಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ನೆಲದಿಂದ ಆಕಾಶಕ್ಕೆ ಹೊರಟ ಕಾವನ್ನೂ ಆವಿ ಹಿಡಿದಿಡುತ್ತದೆ. ಹೀಗಾಗಿ ಹವೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಹವೆಯ ಹವ್ಯಾಸವುಳ್ಳವರಲ್ಲಿ ಒಂದು ಹಳೆಯ ಜಗಳವಿದೆ: ಮಂಗಳೂರಿನ ಉಷ್ಣಮಾನ ಯಾವುದು, ಪಣಂಬೂರಿನದೋ ಬಜ್ಪೆಯದೋ? ಪಣಂಬೂರು ಕಡಲಿನ ಮಗ್ಗುಲಲ್ಲಿದೆ. ಬಜ್ಪೆ ವಿಮಾನ ನಿಲ್ದಾಣ ಒಳಗೆ, ಮುರಕಲ್ಲಿನ ಗುಡ್ಡದ ನೆತ್ತಿಯಲ್ಲಿ. ಕಡಲ ಗಾಳಿ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ತಲಪುತ್ತದೆ. ಎರಡೂ ನಿಜ, ನಿಮ್ಮ ಮನೆ ಯಾವುದಕ್ಕೆ ಹತ್ತಿರವೋ ಅದನ್ನು ನಂಬಿ, ಜಗಳ ಬಿಡಿ.

ಕಡಲ ಗಾಳಿ ದಡದಲ್ಲೇ ನಿಲ್ಲುವುದಿಲ್ಲ. ಘಟ್ಟದ ಬುಡದವರೆಗೆ ಸಾಗಿ, ಇಳಿಜಾರು ಹತ್ತಿ, ತನ್ನ ತೇವವನ್ನೆಲ್ಲ ಮೇಲಕ್ಕೊಯ್ಯುತ್ತದೆ. ಸುಬ್ರಹ್ಮಣ್ಯ, ಸುಳ್ಯ, ಕಾರ್ಕಳದ ಕಡೆ ಸಂಜೆ ಮೋಡ ಕವಿದು ಗುಡುಗುವುದು ಹೀಗೆ. ಮಧ್ಯಮ ತರಂಗದ ರೇಡಿಯೋ ಇದ್ದವರು ಆಕಾಶ ನೋಡುವ ಮೊದಲೇ ಇದನ್ನು ತಿಳಿಯಬಲ್ಲರು. ಮಿಂಚು ಒಂದು ಬಗೆಯ ಪ್ರಸಾರ ಕೇಂದ್ರವೇ ಸರಿ. ಅದರ ಅಲೆಗಳು ನಿಮ್ಮ ಸೆಟ್ಟಿನಲ್ಲಿ ಚಟಚಟ ಎಂದು ಕೇಳುತ್ತವೆ. ಹಾಡಿನ ನಡುವೆ ಆ ಸದ್ದು ಹೆಚ್ಚುತ್ತ ಬಂದರೆ ಮಾಳಿಗೆಯ ಮೇಲೆ ಒಣಗಹಾಕಿದ ಸಂಡಿಗೆಯನ್ನು ಒಳಗೆ ತನ್ನಿ. ಎಫ್‌ಎಮ್ ಸೆಟ್ಟಿನಲ್ಲಿ ಈ ಸೌಲಭ್ಯ ಇಲ್ಲವೆನ್ನಬೇಕು.

ಪತ್ತನಾಜೆ ಕಳೆದು ಕೋಲ, ಬಯಲಾಟಗಳು ನಿಂತ ಮೇಲೆ ನಿಮ್ಮ ಬಟ್ಟೆಯ ಚೂರನ್ನು ರಾತ್ರಿಯೂ ನೋಡಿ. ಅದುವರೆಗೆ ಕತ್ತಲಾದ ಮೇಲೆ ಗಾಳಿ ಇಳಿದು, ಬೆಳಗಿನ ಜಾವಕ್ಕೆ ಮೂಡಣ ದಿಕ್ಕಿನಿಂದ ಬರುತ್ತಿತ್ತು. ಒಂದು ದಿನ ಅದು ತಿರುಗುವುದಿಲ್ಲ. ಇಡೀ ರಾತ್ರಿ ಪಡುವಣದಿಂದಲೇ ಬೀಸುತ್ತದೆ. ಮುಂಗಾರು ಹತ್ತಿರ ಬಂದ ಗುರುತು ಇದು. ಕೇರಳಕ್ಕೆ ಅದರ ವಾಡಿಕೆಯ ತಾರೀಖು ಜೂನ್ 1. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು. ಇಲಾಖೆಯವರು ಅದನ್ನು ಸಾರುವ ಮೊದಲು ನೆಲದಿಂದ ಸುಮಾರು ನಾಲ್ಕು ಕಿಲೋಮೀಟರ್ ಎತ್ತರದವರೆಗೆ ಪಡುವಣ ಗಾಳಿ ಇದೆಯೇ ಎಂದು ನೋಡುತ್ತಾರೆ. ಜೊತೆಗೆ, ಮೇ 10ರ ನಂತರ ಗೊತ್ತುಮಾಡಿದ 14 ಊರುಗಳ ಪೈಕಿ ಶೇಕಡಾ 60ರಲ್ಲಾದರೂ ಎರಡು ದಿನ ಒಂದೇ ಸಮನೆ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬಿದ್ದಿರಬೇಕು. ಮಿನಿಕಾಯ್ ದ್ವೀಪದಿಂದ ಹಿಡಿದು ತಿರುವನಂತಪುರ, ಕೊಚ್ಚಿ, ಕಣ್ಣೂರು ಹೀಗೆ ಬಡಗಣಕ್ಕೆ ಸಾಗುವ ಆ ಪಟ್ಟಿಯ ತುದಿಯ ಊರು ಮಂಗಳೂರು.