ತೊಗರಿಯ ವರ್ಗೀಕರಣ ಮತ್ತು ವಿಕಾಸ

ತೊಗರಿ (ವೈಜ್ಞಾನಿಕ ಹೆಸರು: ಕಜಾನಸ್ ಕಜಾನ್) ಫ್ಯಾಬೇಸಿ ಕುಟುಂಬಕ್ಕೆ ಸೇರಿದ ದ್ವಿದಳ ಧಾನ್ಯದ ಸಸ್ಯ. ಸ್ವಭಾವತಃ ಇದು ಕೆಲವು ವರ್ಷ ಬದುಕಬಲ್ಲ ಪೊದೆ. ಆದರೆ ಭಾರತದಲ್ಲಿ ಇದನ್ನು ಸಾಮಾನ್ಯವಾಗಿ ಒಂದೇ ಹಂಗಾಮಿನ ಬೆಳೆಯಾಗಿ ಬೆಳೆಯಲಾಗುತ್ತದೆ. ಕರ್ನಾಟಕದ ಕಲಬುರಗಿ ಜಿಲ್ಲೆಯು 'ತೊಗರಿಯ ಕಣಜ' ಎಂದು ಪ್ರಸಿದ್ಧವಾಗಿದೆ. ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಕಪ್ಪು ಮಣ್ಣಿನ ಮಳೆಯಾಶ್ರಿತ ಹೊಲಗಳಲ್ಲಿ ಇದು ಪ್ರಮುಖ ಬೆಳೆ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು. ಈ ಬೆಳೆಯನ್ನು ಬಾಧಿಸುವ ರೋಗಗಳನ್ನು ತಡೆಯುವಲ್ಲಿ ಅದರ ಬಂಧು ಸಸ್ಯಗಳ ತಿಳಿವಳಿಕೆ ಮುಖ್ಯ. ಆದ್ದರಿಂದ ತೊಗರಿಯ ವರ್ಗೀಕರಣವು ಹೆಸರಿಡುವ ಕ್ರಮ ಮಾತ್ರವಲ್ಲ, ಕೃಷಿಗೆ ನೇರವಾಗಿ ಸಂಬಂಧಿಸಿದ ವಿಷಯವೂ ಆಗಿದೆ.

ವರ್ಗೀಕರಣದಲ್ಲಿ ಸ್ಥಾನ

ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ತೊಗರಿಯನ್ನು 'ಸಿಟಿಸಸ್ ಕಜಾನ್' ಎಂದು ಹೆಸರಿಸಿದನು. ಮುಂದೆ ಅದನ್ನು ಕಜಾನಸ್ ಎಂಬ ಕುಲಕ್ಕೆ ವರ್ಗಾಯಿಸಲಾಯಿತು. ಲಿನೇಯಸನ ಕಾಲದಲ್ಲಿ ಹೂವು, ಕಾಯಿಗಳ ಹೊರರೂಪವೇ ವಿಂಗಡಣೆಯ ಆಧಾರವಾಗಿತ್ತು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ವಿಕಾಸವಾದವನ್ನು ಮಂಡಿಸಿದ ನಂತರ, ಒಂದೇ ಪೂರ್ವಜನಿಂದ ಬಂದವುಗಳನ್ನು ಒಂದೇ ಗುಂಪಿನಲ್ಲಿ ಇರಿಸಬೇಕೆಂಬ ತತ್ತ್ವವು ಬೆಳೆಯಿತು. ಇಂದು ಡಿಎನ್‌ಎ ಅನುಕ್ರಮಗಳ ಹೋಲಿಕೆಯಿಂದ ಈ ಸಂಬಂಧಗಳನ್ನು ಪರೀಕ್ಷಿಸಲಾಗುತ್ತದೆ. ತೊಗರಿಯ ಈಗಿನ ಸ್ಥಾನ ಹೀಗಿದೆ:

ಸಾಮ್ರಾಜ್ಯ: ಸಸ್ಯಗಳು
ಗಣ: ಫ್ಯಾಬೇಲ್ಸ್
ಕುಟುಂಬ: ಫ್ಯಾಬೇಸಿ
ಉಪಕುಟುಂಬ: ಪ್ಯಾಪಿಲಿಯೊನಾಯ್ಡಿ
ಪಂಗಡ: ಫೇಸಿಯೋಲಿ
ಕುಲ: ಕಜಾನಸ್
ಪ್ರಭೇದ: ಕಜಾನಸ್ ಕಜಾನ್

ಇತರ ಕಾಳುಗಳೊಡನೆ ಸಂಬಂಧ

ಕಲಬುರಗಿ ಭಾಗದಲ್ಲಿ ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಪೂಜೆ ಸಲ್ಲಿಸಿ, ಹಲವು ಬಗೆಯ ಹಸಿ ಕಾಳು ಮತ್ತು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿಯನ್ನು ಸಜ್ಜೆಯ ರೊಟ್ಟಿಯೊಡನೆ ಉಣ್ಣುವ ರೂಢಿಯಿದೆ. ಅದರಲ್ಲಿ ಬಳಸುವ ತೊಗರಿ, ಅವರೆ, ಕಡಲೆ, ಶೇಂಗಾ ಇವೆಲ್ಲವೂ ಫ್ಯಾಬೇಸಿ ಕುಟುಂಬದವು. ಆದರೆ ಇವುಗಳ ನಂಟು ಒಂದೇ ಸಮನಾಗಿಲ್ಲ. ಅವರೆ, ಅಲಸಂದೆ, ಹೆಸರು, ಉದ್ದು ಮತ್ತು ಸೋಯಾ ತೊಗರಿಯ ಪಂಗಡಕ್ಕೇ ಸೇರುತ್ತವೆ. ಕಡಲೆಯು ಬಟಾಣಿ, ಮಸೂರಗಳಿರುವ ಬೇರೆ ಶಾಖೆಯದು. ತೊಗರಿಯ ಶಾಖೆಯಿಂದ ಅದು ಸುಮಾರು 5 ಕೋಟಿ ವರ್ಷಗಳ ಹಿಂದೆಯೇ ಬೇರ್ಪಟ್ಟಿತು. ಶೇಂಗಾ ಇನ್ನೊಂದು ಪಂಗಡಕ್ಕೆ ಸೇರಿದೆ. ಬೆಳೆಯುವ ನೆಲ ಮತ್ತು ಅಡುಗೆಯ ಬಳಕೆಯಲ್ಲಿ ತೊಗರಿ, ಕಡಲೆಗಳು ಜೊತೆಯಾಗಿದ್ದರೂ, ವಂಶದಲ್ಲಿ ತೊಗರಿಗೆ ಕಡಲೆಗಿಂತ ಸೋಯಾ ಹತ್ತಿರದ್ದು.

ಕುಲದ ಮರುವಿಂಗಡಣೆ

ಬಹುಕಾಲ ತೊಗರಿಯನ್ನು ಕಜಾನಸ್ ಕುಲದಲ್ಲಿಯೂ, ಅದನ್ನು ಹೋಲುವ ಕಾಡು ಸಸ್ಯಗಳನ್ನು ಅಟೈಲೋಸಿಯಾ ಎಂಬ ಪ್ರತ್ಯೇಕ ಕುಲದಲ್ಲಿಯೂ ಇರಿಸಲಾಗಿತ್ತು. ಬೀಜದ ಮೇಲಿನ ಒಂದು ಸಣ್ಣ ಉಬ್ಬು ಇವೆರಡರ ನಡುವಿನ ಮುಖ್ಯ ವ್ಯತ್ಯಾಸವೆಂದು ಪರಿಗಣಿಸಲಾಗಿತ್ತು. ಆದರೆ ಅಟೈಲೋಸಿಯಾದ ಹಲವು ಪ್ರಭೇದಗಳು ತೊಗರಿಯೊಡನೆ ಸಂಕರಗೊಂಡು ಫಲ ಕೊಡುತ್ತಿದ್ದವು. ಈ ಸಾಮೀಪ್ಯವನ್ನು ಗಮನಿಸಿ ಡಚ್ ಸಸ್ಯವಿಜ್ಞಾನಿ ವ್ಯಾನ್ ಡರ್ ಮಾಸೆನ್ 1986ರ ತಮ್ಮ ಗ್ರಂಥದಲ್ಲಿ ಎರಡೂ ಕುಲಗಳನ್ನು ಕಜಾನಸ್ ಎಂದು ಒಂದುಗೂಡಿಸಿದರು. ಅವರ ಪ್ರಕಾರ ಈ ಕುಲದಲ್ಲಿ 32 ಪ್ರಭೇದಗಳಿವೆ. ಇವುಗಳಲ್ಲಿ ಹೆಚ್ಚಿನವು ಏಷ್ಯಾ ಮತ್ತು ಆಸ್ಟ್ರೇಲಿಯಾದವು. ಒಂದು ಪಶ್ಚಿಮ ಆಫ್ರಿಕಾದ್ದು. ಕೃಷಿಗೆ ಒಳಪಟ್ಟಿರುವುದು ತೊಗರಿ ಮಾತ್ರ.

ಉಗಮ

ತೊಗರಿಯ ಮೂಲ ಭಾರತವೆಂಬುದು ಇಂದು ವ್ಯಾಪಕವಾಗಿ ಒಪ್ಪಿತವಾಗಿದೆ. ಒಡಿಶಾ, ಛತ್ತೀಸಗಢ ಮತ್ತು ಪೂರ್ವ ಘಟ್ಟಗಳಲ್ಲಿ ಬೆಳೆಯುವ ಕಜಾನಸ್ ಕಜಾನಿಫೋಲಿಯಸ್ ಎಂಬ ಕಾಡು ಪ್ರಭೇದವು ಇದರ ಪೂರ್ವಜ ಎಂದು ಪರಿಗಣಿಸಲಾಗಿದೆ. ಕೃಷಿ ಆರಂಭವಾಗಿ ಸುಮಾರು 3,500 ವರ್ಷಗಳಾಗಿವೆ ಎಂಬ ಅಂದಾಜಿದೆ. ಕೆಲವೇ ಗಿಡಗಳ ಬೀಜವನ್ನು ಆರಿಸಿ ಬಿತ್ತುತ್ತ ಬಂದುದರಿಂದ ಬೆಳೆಯ ಆನುವಂಶಿಕ ವೈವಿಧ್ಯವು ಕಾಡು ಬಂಧುಗಳಿಗಿಂತ ಬಹಳ ಕಡಿಮೆಯಾಗಿದೆ. 2011ರಲ್ಲಿ 'ಆಶಾ' ತಳಿಯ ಜೀನೋಮ್ ಅನುಕ್ರಮವನ್ನು ಪ್ರಕಟಿಸಲಾಯಿತು. ತೊಗರಿಯಲ್ಲಿ 11 ಜೋಡಿ ವರ್ಣತಂತುಗಳಿವೆ.

ತೊಗರಿ ಹೊಲದ ಇತರ ಜೀವಿಗಳು

ಒಂದು ತೊಗರಿ ಹೊಲದಲ್ಲಿ ಜೀವವೃಕ್ಷದ ದೂರದೂರದ ಶಾಖೆಗಳು ಸಂಧಿಸುತ್ತವೆ. ಬೇರಿನ ಗಂಟುಗಳಲ್ಲಿ ವಾಸಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ರಾಡಿರೈಜೋಬಿಯಂ ಒಂದು ಬ್ಯಾಕ್ಟೀರಿಯಾ. ಕಡಲೆಗೆ ನೆರವಾಗುವುದು ಮೀಸೊರೈಜೋಬಿಯಂ ಎಂಬ ಬೇರೊಂದು ಕುಲ; ಆದ್ದರಿಂದ ಒಂದು ಬೆಳೆಗೆಂದು ಸಿದ್ಧಪಡಿಸಿದ ಜೈವಿಕ ಗೊಬ್ಬರವು ಇನ್ನೊಂದಕ್ಕೆ ತಕ್ಕುದಲ್ಲ. ಕಾಯಿಕೊರಕವು ಪತಂಗದ ಮರಿಹುಳು, ಅಂದರೆ ಕೀಟ. ಹೂವು ಬಿಡದಂತೆ ಮಾಡುವ ಗೊಡ್ಡು ರೋಗಕ್ಕೆ ವೈರಸ್ ಕಾರಣ. ಅದನ್ನು ಹರಡುವ ನುಸಿಯು ಕೀಟವಲ್ಲ, ಜೇಡಗಳ ಬಳಗದ್ದು.

ಈ ಭಾಗದ ರೈತರನ್ನು ಹೆಚ್ಚು ಕಾಡುವ ನೆಟೆ ರೋಗವನ್ನು ತರುವುದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಇದು ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನು ಮುಚ್ಚುತ್ತದೆ. ಹೂ, ಕಾಯಿ ಕಟ್ಟುವ ವೇಳೆಗೆ ಗಿಡ ನಿಂತಲ್ಲೇ ಒಣಗುತ್ತದೆ. ಶಿಲೀಂಧ್ರವು ಮಣ್ಣಿನಲ್ಲಿ ಕೆಲವು ವರ್ಷ ಉಳಿಯುವುದರಿಂದ ಅದೇ ಹೊಲದಲ್ಲಿ ಮತ್ತೆ ತೊಗರಿ ಬಿತ್ತಿದರೆ ಹಾನಿ ಮರುಕಳಿಸುತ್ತದೆ. ಬೀಜೋಪಚಾರಕ್ಕೆ ಬಳಸುವ ಟ್ರೈಕೊಡರ್ಮಾ ಕೂಡ ಶಿಲೀಂಧ್ರವೇ. ರೋಗಕಾರಕವೂ ಅದರ ವೈರಿಯೂ ಹೈಪೊಕ್ರಿಯೇಲ್ಸ್ ಎಂಬ ಒಂದೇ ಗಣಕ್ಕೆ ಸೇರಿವೆ.

ತಳಿ ಅಭಿವೃದ್ಧಿಯಲ್ಲಿ ವರ್ಗೀಕರಣದ ಪಾತ್ರ

ತಳಿ ವಿಜ್ಞಾನಿಗಳು ಬೆಳೆಯ ಬಂಧುಗಳನ್ನು ಸಂಕರದ ಸುಲಭತೆಗೆ ಅನುಗುಣವಾಗಿ ಮೂರು ವಂಶವಾಹಿ ಸಂಚಯಗಳಾಗಿ ವಿಂಗಡಿಸುತ್ತಾರೆ.

ಮೊದಲನೆಯದರಲ್ಲಿ ತೊಗರಿಯದೇ ನಾಟಿ ಮತ್ತು ಸುಧಾರಿತ ತಳಿಗಳಿವೆ. ನೆಟೆ ರೋಗವನ್ನು ತಡೆದುಕೊಳ್ಳುವ 'ಮಾರುತಿ' ತಳಿಯು 1980ರ ದಶಕದಲ್ಲಿ ಇಂತಹ ಸಂಗ್ರಹದಿಂದ ಆಯ್ದದ್ದು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರವು ಟಿಎಸ್-3ಆರ್ ಮತ್ತು ಜಿಆರ್‌ಜಿ-811 ತಳಿಗಳನ್ನು ನೀಡಿದೆ.

ಎರಡನೆಯದರಲ್ಲಿ ಕಜಾನಿಫೋಲಿಯಸ್, ಸ್ಕ್ಯಾರಬಿಯಾಯ್ಡಿಸ್ ಮೊದಲಾದ ಕಾಡು ಪ್ರಭೇದಗಳಿವೆ. ಕಜಾನಿಫೋಲಿಯಸ್‌ನ ಕೋಶದ್ರವ್ಯದಿಂದ ಪರಾಗ ಬಿಡದ ತೊಗರಿ ಸಾಲುಗಳನ್ನು ಪಡೆದು ಐಸಿಪಿಎಚ್ 2671 ಎಂಬ ಸಂಕರ ತಳಿಯನ್ನು ರೂಪಿಸಲಾಯಿತು; ಅದು 2010ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಸ್ಕ್ಯಾರಬಿಯಾಯ್ಡಿಸ್ ಬಳ್ಳಿಯ ಕಾಯಿಗಳ ಮೇಲಿನ ದಟ್ಟ ರೋಮಗಳು ಕಾಯಿಕೊರಕಕ್ಕೆ ತಡೆಯೊಡ್ಡುತ್ತವೆ.

ಮೂರನೆಯದರಲ್ಲಿರುವ ಪ್ಲಾಟಿಕಾರ್ಪಸ್‌ನಂತಹ ದೂರದ ಪ್ರಭೇದಗಳೊಡನೆ ಸಂಕರ ಸಾಧಿಸಲು ಪ್ರಯೋಗಾಲಯದಲ್ಲಿ ಭ್ರೂಣವನ್ನು ಉಳಿಸಿ ಬೆಳೆಸಬೇಕಾಗುತ್ತದೆ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಬೀಜ ಭಂಡಾರದಲ್ಲಿ ತೊಗರಿ ಮತ್ತು ಅದರ ಬಂಧುಗಳ 13,000ಕ್ಕೂ ಹೆಚ್ಚು ಮಾದರಿಗಳಿವೆ. ಕಾಡು ಪ್ರಭೇದಗಳ ನೆಲೆ ನಾಶವಾದರೆ ಅವುಗಳಲ್ಲಿರುವ, ಇನ್ನೂ ಪರೀಕ್ಷಿಸದ ರೋಗನಿರೋಧಕ ಗುಣಗಳೂ ಕಳೆದುಹೋಗುತ್ತವೆ. ತೊಗರಿಯ ಹೂವಿಗೆ ಜೇನ್ನೊಣಗಳು ಬೇರೆ ಗಿಡದ ಪರಾಗವನ್ನು ತರುವುದರಿಂದ, ರೋಗನಿರೋಧಕ ತಳಿಯ ಬೀಜವೂ ಕೆಲವು ವರ್ಷಗಳಲ್ಲಿ ಶುದ್ಧತೆ ಕಳೆದುಕೊಳ್ಳುತ್ತದೆ. ಆದ್ದರಿಂದ ಆಗಾಗ ಹೊಸ ಪ್ರಮಾಣಿತ ಬೀಜವನ್ನು ಬಳಸುವುದು ಅಗತ್ಯ.